ದೂರದ ವೈದ್ಯ, ಹತ್ತಿರದ ಕಣ್ಣು

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ್ದು 1986ರಲ್ಲಿ, ಕೊಳ್ಳೇಗಾಲದಿಂದ ಸುಮಾರು 40 ಕಿಲೋಮೀಟರು ದೂರದ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆಗ ಆ ಸೀಮೆಯೆಲ್ಲ ಮೈಸೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಊರಿನ ಮೂರು ಕಡೆಗೂ ಬೆಟ್ಟ. ಉಳಿದ ಒಂದು ಕಡೆ ಹಳ್ಳ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಮಳೆ ಹಿಡಿದು ಹಳ್ಳ ತುಂಬಿದರೆ ಅದೂ ಇಲ್ಲ. ಶಾಲೆಗೆ ಮೂರು ಕೊಠಡಿಗಳು, ಮುಂದೆ ಒಂದು ಹೊಂಗೆಯ ಮರ. ಅದರ ನೆರಳಿನಲ್ಲಿಯೇ ಪ್ರಾರ್ಥನೆ, ಕವಾಯತು, ಬಿಸಿಲು ಹೆಚ್ಚಾದ ದಿನ ಪಾಠ.

ಆ ವಯಸ್ಸಿನಲ್ಲಿ ನನಗೆ ಶಿಸ್ತಿನ ಮೇಲೆ ಬಹಳ ಅಭಿಮಾನವಿತ್ತು. ಪ್ರತಿ ಸೋಮವಾರವೂ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು, ತಲೆಗೂದಲು, ಅಂಗಿಯ ಕೊರಳಪಟ್ಟಿಗಳನ್ನು ಪರೀಕ್ಷಿಸುತ್ತಿದ್ದೆ. ಕಪ್ಪು ಹಲಗೆಯ ಮೇಲೆ ‘ಆರೋಗ್ಯವೇ ಭಾಗ್ಯ’ ಎಂದು ದುಂಡಾಗಿ ಬರೆಸುತ್ತಿದ್ದೆ. ಮಕ್ಕಳ ಆರೋಗ್ಯದ ವಿಷಯದಲ್ಲಿ ಉಪಾಧ್ಯಾಯನಾದವನ ಕರ್ತವ್ಯವು ಅಲ್ಲಿಗೆ ಮುಗಿಯಿತೆಂದು ಪ್ರಾಮಾಣಿಕವಾಗಿ ನಂಬಿದ್ದೆ. ಆ ನಂಬಿಕೆ ತಪ್ಪೆಂದು ನನಗೆ ತಿಳಿಸಿಕೊಟ್ಟವನು ಏಳನೆಯ ತರಗತಿಯ ಒಬ್ಬ ಹುಡುಗ.

ಅವನು ಓಟದಲ್ಲಿ ಗಟ್ಟಿಗ. ಹೋಬಳಿ ಮಟ್ಟದ ಸ್ಪರ್ಧೆಯಲ್ಲಿ ಬಹುಮಾನ ಪಡೆದು, ಸ್ಟೀಲಿನ ಲೋಟವೊಂದನ್ನು ಹಿಡಿದುಕೊಂಡು ಊರ ತುಂಬ ಮೆರೆದವನು. 1987ರ ದೀಪಾವಳಿಯ ತರುವಾಯ ಮೂರು ದಿನ ಶಾಲೆಗೆ ಬರಲಿಲ್ಲ. ಕೇಳಿದರೆ, ಗಂಟಲು ನೋವು, ಜ್ವರ ಎಂದ. ಅದು ಯಾರಿಗೆ ಬರುವುದಿಲ್ಲ? ಎರಡು ಮೂರು ವಾರ ಕಳೆದ ಮೇಲೆ ಕವಾಯತಿನ ಸಮಯದಲ್ಲಿ ಮೊಣಕಾಲನ್ನು ಹಿಡಿದುಕೊಂಡು ಮರದ ಬುಡದಲ್ಲಿ ಕುಳಿತುಬಿಟ್ಟ. ಎರಡು ದಿನದ ನಂತರ ಮೊಣಕಾಲು ಸರಿಯಾಗಿದೆ, ಮಣಿಕಟ್ಟು ನೋಯುತ್ತಿದೆ ಎಂದ.

“ಮೊನ್ನೆ ಮೊಣಕಾಲು, ಇವತ್ತು ಮಣಿಕಟ್ಟು, ನಾಳೆ ಮೂಗೋ?” ಎಂದೆ. ತರಗತಿಯೆಲ್ಲ ನಕ್ಕಿತು. ಅವನೂ ಸ್ವಲ್ಪ ನಕ್ಕ. ಸೋಮಾರಿತನಕ್ಕೆ ಮದ್ದೆಂದು ಮೈದಾನವನ್ನು ಒಂದು ಸುತ್ತು ಓಡಿ ಬರಲು ಹೇಳಿದೆ. ಅರ್ಧ ಓಡಿ, ಕುಸಿದು ಕುಳಿತ.

ಕೆಲವು ವಾರಗಳಲ್ಲಿ ನೋವು ತಾನಾಗಿಯೇ ಹೋಯಿತು. ಅವನ ತಂದೆ ಆಡು ಕಾಯುತ್ತ, ಕೂಲಿ ಮಾಡುತ್ತ ಸಂಸಾರ ನಡೆಸುತ್ತಿದ್ದ. ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿಯೂ ಬಸ್ಸಿನ ದುಡ್ಡೂ ಕೈಬಿಟ್ಟ ಹಾಗೆ. ನೋವೇ ಇಲ್ಲದ ಮೇಲೆ ಯಾರು ಹೋಗುತ್ತಾರೆ? ಎಲ್ಲರಿಗೂ ನೆಮ್ಮದಿಯಾಯಿತು, ನನಗಂತೂ ನನ್ನ ಮದ್ದು ನಾಟಿತೆಂಬ ಸಂತೋಷ. ಆದರೆ ಶಿವರಾತ್ರಿಯ ಹೊತ್ತಿಗೆ ಹುಡುಗನಿಗೆ ಶಾಲೆಯ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ರಾತ್ರಿ ಮಲಗಿದರೆ ಉಸಿರು ಕಟ್ಟುವುದೆಂದು ಗೋಡೆಗೆ ಒರಗಿ ಕುಳಿತಿರುತ್ತಿದ್ದನಂತೆ. ತಂದೆ ಅವನನ್ನು ಹೊತ್ತುಕೊಂಡು ಹೊರಟ. ನಾನೂ ಜೊತೆಗೆ ಹೋದೆ. ಕೊಳ್ಳೇಗಾಲ, ಅಲ್ಲಿಂದ ಮೈಸೂರು.

ಮೈಸೂರಿನ ವೈದ್ಯರು ಎದೆಗೆ ಕೊಳವೆಯನ್ನಿಟ್ಟು ಬಹಳ ಹೊತ್ತು ಆಲಿಸಿದರು. ಅನಂತರ ಕೇಳಿದರು: “ಗಂಟಲು ನೋವು ಯಾವಾಗ ಬಂದಿತ್ತು? ಮೊದಲು ನೋವು ಕಂಡದ್ದು ಯಾವ ಕೀಲಿನಲ್ಲಿ? ಅಲ್ಲಿಂದ ಎಲ್ಲಿಗೆ ಹೋಯಿತು?” ತಂದೆ ನನ್ನ ಮುಖವನ್ನು ನೋಡಿದ. ನಾನು ನೆಲವನ್ನು ನೋಡಿದೆ. ಆ ಮೂರು ಪ್ರಶ್ನೆಗಳಿಗೂ ಉತ್ತರವು ನನ್ನ ಕಣ್ಣ ಮುಂದೆಯೇ ನಡೆದುಹೋಗಿತ್ತು. ಆದರೆ ತಾರೀಖಿನೊಡನೆ ಹೇಳುವಂತೆ ನಾನು ಅದನ್ನು ಗಮನಿಸಿರಲಿಲ್ಲ; ನಕ್ಕು ಮರೆತಿದ್ದೆ.

ಅವರು ವಿವರಿಸಿದ್ದು ಇಷ್ಟು. ಕೆಲವು ಬಗೆಯ ರೋಗಾಣುಗಳಿಂದ ಗಂಟಲು ಬೇನೆಯಾದ ಎರಡು ಮೂರು ವಾರಗಳ ಮೇಲೆ, ಐದರಿಂದ ಹದಿನೈದು ವರ್ಷದೊಳಗಿನ ಕೆಲವು ಮಕ್ಕಳಿಗೆ ರುಮ್ಯಾಟಿಕ್ ಜ್ವರ ಬರುತ್ತದೆ. ಅದು ಕೀಲಿನಿಂದ ಕೀಲಿಗೆ ಹಾರುತ್ತದೆ. ಕೀಲುಗಳಿಗೆ ಅದು ನೆಂಟನ ಹಾಗೆ ಬಂದು ಹೋಗುತ್ತದೆ. ಹೃದಯದಲ್ಲಿ ಮಾತ್ರ ಮನೆ ಮಾಡಿಕೊಳ್ಳುತ್ತದೆ. ಅದು ಮರಳಿ ಮರಳಿ ಬಂದಂತೆಲ್ಲ ಹೃದಯದ ಕವಾಟಗಳು ಕೆಡುತ್ತ ಹೋಗುತ್ತವೆ. ಮೊದಲಲ್ಲಿಯೇ ಗುರುತಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ಹಲವು ವರ್ಷ ತಪ್ಪದೆ ಕೊಟ್ಟರೆ ಹಾಗಾಗದಂತೆ ತಡೆಯಬಹುದು. ಯಾವುದನ್ನು ನಾನು ಸುಳ್ಳಿನ ಗುರುತೆಂದು ತಿಳಿದಿದ್ದೆನೋ ಅದೇ ರೋಗದ ಗುರುತಾಗಿತ್ತು.

ಆ ಹುಡುಗ ಅನಂತರ ಎರಡು ವರ್ಷವೂ ಬದುಕಲಿಲ್ಲ.

ಅವನು ತೀರಿಕೊಂಡ ವಾರ ನಾನು ಕೊಳ್ಳೇಗಾಲದ ಅಂಗಡಿಯಿಂದ ಇನ್ನೂರು ಪುಟದ ಒಂದು ಪುಸ್ತಕವನ್ನು ತಂದೆ. ಯಾವ ಮಗು, ಯಾವ ದಿನ, ಏನು ಹೇಳಿತು, ನಾನು ಏನು ಕಂಡೆ ಎಂಬ ನಾಲ್ಕು ಕಲಮುಗಳನ್ನು ಎಳೆದೆ. ರೋಗವೇನೆಂದು ಬರೆಯಲು ಕಲಮು ಇರಲಿಲ್ಲ. ಅದು ನನ್ನ ಕೆಲಸವಲ್ಲ. ಸಹೋದ್ಯೋಗಿಗಳು ಅದನ್ನು ‘ಮೇಷ್ಟ್ರ ಪಂಚಾಂಗ’ ಎಂದು ಕರೆದು ನಗುತ್ತಿದ್ದರು. ನಗಲಿ ಎಂದುಕೊಂಡೆ. ಆದರೆ ಬರೆದು ಏನು ಪ್ರಯೋಜನ ಎಂಬ ಪ್ರಶ್ನೆ ನನ್ನನ್ನೂ ಬಿಡಲಿಲ್ಲ. ಬರೆದುದನ್ನು ಓದಿ ಹೇಳಲು ಊರಿನಲ್ಲಿ ವೈದ್ಯರೇ ಇರಲಿಲ್ಲವಲ್ಲ!

ಆ ದಿನಗಳಲ್ಲಿ ಒಂದು ಹಳೆಯ ಮಾಸಪತ್ರಿಕೆಯಲ್ಲಿ ಆಸ್ಟ್ರೇಲಿಯದ ಸಂಗತಿಯೊಂದನ್ನು ಓದಿದೆ. ಆ ಖಂಡದ ಒಳನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಹತ್ತಾರು ಮೈಲಿ ಬಯಲು. ಅಲ್ಲಿ ಜಾನ್ ಫ್ಲಿನ್ ಎಂಬ ಧರ್ಮಬೋಧಕರ ಪ್ರಯತ್ನದಿಂದ 1928ರಲ್ಲಿ ಕ್ಲಾನ್‌ಕರಿ ಎಂಬ ಊರಿನಿಂದ ವಿಮಾನದಲ್ಲಿ ವೈದ್ಯರನ್ನು ಕಳುಹಿಸುವ ಸೇವೆ ಆರಂಭವಾಯಿತು. ಆದರೆ ವೈದ್ಯರನ್ನು ಕರೆಯುವುದು ಹೇಗೆ? ಆಲ್‌ಫ್ರೆಡ್ ಟ್ರೇಗರ್ ಎಂಬುವರು ಸೈಕಲ್ಲಿನಂತೆ ಕಾಲಿನಿಂದ ತುಳಿದು ವಿದ್ಯುತ್ತನ್ನು ಉತ್ಪಾದಿಸುವ ರೇಡಿಯೋ ಒಂದನ್ನು ರೂಪಿಸಿದರು. 1929ರಿಂದ ಅದು ಬಳಕೆಗೆ ಬಂತು. 1942ರಿಂದ ದೂರದ ಮನೆಗಳಲ್ಲಿ ಔಷಧದ ಪೆಟ್ಟಿಗೆಗಳನ್ನು ಇರಿಸಿದರು. ಒಳಗಿದ್ದ ಔಷಧಗಳಿಗೆಲ್ಲ ಸಂಖ್ಯೆಗಳು. ತಾಯಿಯಾದವಳು ಮಗುವಿನ ಸ್ಥಿತಿಯನ್ನು ರೇಡಿಯೋದಲ್ಲಿ ಹೇಳುವಳು. ನೂರಾರು ಮೈಲಿ ಆಚೆಯ ವೈದ್ಯರು ಕೇಳಿ, ಇಂತಿಷ್ಟನೆಯ ಸಂಖ್ಯೆಯ ಔಷಧವನ್ನು ಕೊಡು ಎನ್ನುವರು. ಇದೇ ರೇಡಿಯೋ ಜಾಲದಿಂದ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬಲ್ಲಿ ‘ಗಾಳಿಯ ಶಾಲೆ’ಯೂ ಹುಟ್ಟಿತು. ಒಂದೇ ಯಂತ್ರ ಮಕ್ಕಳಿಗೆ ವೈದ್ಯರನ್ನೂ ತಂದಿತು, ಗುರುಗಳನ್ನೂ ತಂದಿತು.

ಇದನ್ನು ಓದಿ ನನಗೆ ಆದ ಆಶ್ಚರ್ಯಕ್ಕಿಂತಲೂ ಹೆಚ್ಚಾಗಿ ಆದದ್ದು ಒಂದು ಬಗೆಯ ಧೈರ್ಯ. ಆ ತಾಯಿ ವೈದ್ಯಶಾಸ್ತ್ರವನ್ನು ಓದಿದವಳಲ್ಲ. ತಾನು ಕಂಡದ್ದನ್ನು ಸರಿಯಾಗಿ ಹೇಳಿದಳು, ಅಷ್ಟೆ. ಅಷ್ಟನ್ನು ನಾನೂ ಮಾಡಬಲ್ಲೆ ಎನಿಸಿತು.

ನಮ್ಮ ನಾಡಿನಲ್ಲಿಯೂ ಕಾಲ ಬದಲಾಗುತ್ತ ಬಂತು. 2000ದಲ್ಲಿ ಆಂಧ್ರಪ್ರದೇಶದ ಅರಗೊಂಡ ಎಂಬ ಹಳ್ಳಿಯ ಆಸ್ಪತ್ರೆಯು ಚೆನ್ನೈನ ದೊಡ್ಡ ಆಸ್ಪತ್ರೆಯೊಡನೆ ಜೋಡಣೆಗೊಂಡಿತು. ಮರುವರ್ಷ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಉಪಗ್ರಹದ ಮೂಲಕ ದೂರವೈದ್ಯದ ಯೋಜನೆಯನ್ನು ಕೈಗೆತ್ತಿಕೊಂಡಿತು. ಆ ಯೋಜನೆಯಲ್ಲಿ ನಮ್ಮ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೂ ಹೆಗ್ಗಡದೇವನಕೋಟೆ ತಾಲ್ಲೂಕು ಸರಗೂರಿನ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಸಂಪರ್ಕ ಪಡೆದವು. ಹೃದಯದ ಬಡಿತವನ್ನು ಗೆರೆಗಳಾಗಿ ಬರೆದ ಪಟ್ಟಿ ಇಲ್ಲಿಂದ ಆಕಾಶಕ್ಕೆ ಏರಿ, ಕ್ಷಣಮಾತ್ರದಲ್ಲಿ ಬೆಂಗಳೂರಿನ ತಜ್ಞರ ಮೇಜಿನ ಮೇಲೆ ಇಳಿಯುವುದೆಂದರೆ ನಮ್ಮಂಥವರಿಗೆ ಅದು ಪುರಾಣದ ಮಾತಿನಂತೆ ತೋರಿತು. 2004ರಲ್ಲಿ ಎಜುಸ್ಯಾಟ್ ಎಂಬ ಶಿಕ್ಷಣ ಉಪಗ್ರಹವು ಹಾರಿತು. ಅದರ ಮೂಲಕ ಪಾಠಗಳನ್ನು ಕಳುಹಿಸಲು ಆರಿಸಿಕೊಂಡದ್ದು ನಮ್ಮ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನೇ. ನಮ್ಮ ಶಾಲೆಯ ಮಾಡಿನ ಮೇಲೂ ಬಿಳಿಯ ತಟ್ಟೆಯೊಂದು ಬಂದು ಕುಳಿತಿತು. ಬೆಟ್ಟದ ಕೋತಿಗಳು ಅದನ್ನು ಹಿಡಿದು ಅಲ್ಲಾಡಿಸಿದ ದಿನ ಪಾಠಕ್ಕೆ ರಜ. ಆದರೂ ನನಗೆ ಅದನ್ನು ನೋಡಿದಾಗಲೆಲ್ಲ, ಆಕಾಶದಿಂದ ಪಾಠ ಇಳಿಯುವುದಾದರೆ ಒಂದು ದಿನ ವೈದ್ಯರೂ ಇಳಿಯಬಾರದೇಕೆ ಎನಿಸುತ್ತಿತ್ತು.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಜಾರಿಗೆ ಬಂತು. ವರ್ಷಕ್ಕೊಮ್ಮೆ ವೈದ್ಯರ ತಂಡವು ವಾಹನದಲ್ಲಿ ಸರ್ಕಾರಿ ಶಾಲೆಗೆ ಬಂದು, ಹುಟ್ಟಿನಿಂದ ಬಂದ ನ್ಯೂನತೆ, ಪೋಷಣೆಯ ಕೊರತೆ, ರೋಗ, ಬೆಳವಣಿಗೆಯ ಕುಂಠಿತ ಎಂಬ ನಾಲ್ಕು ಬಗೆಗಳಲ್ಲಿ ಪ್ರತಿ ಮಗುವನ್ನೂ ಪರೀಕ್ಷಿಸತೊಡಗಿತು. ಅದು ದೊಡ್ಡ ಉಪಕಾರ. ಆದರೆ ವಾಹನ ಬರುವ ದಿನವನ್ನು ನೋಡಿಕೊಂಡು ಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಉಳಿದ ದಿನಗಳಿಗೆ ದಾರಿಯೇನು? ಆ ದಾರಿ ತೆರೆದದ್ದು ಸಾಮಾನ್ಯ ದೂರವಾಣಿಯ ಜಾಲ ಹಳ್ಳಿಗಳನ್ನು ತಲುಪಿದ ಮೇಲೆ. ಕೇಂದ್ರ ಸರ್ಕಾರದ ‘ಇ-ಸಂಜೀವನಿ’ ಎಂಬ ದೂರವೈದ್ಯ ಸೇವೆ 2019ರಲ್ಲಿ ಆರಂಭವಾಯಿತು. 2020ರ ಮಾರ್ಚಿಯಲ್ಲಿ ದೂರವೈದ್ಯಕ್ಕೆ ನಿಯಮಗಳೂ ಪ್ರಕಟವಾದವು. ನಮ್ಮ ಊರಿನ ಆರೋಗ್ಯ ಉಪಕೇಂದ್ರಕ್ಕೆ ಒಬ್ಬ ತರುಣಿ ಆರೋಗ್ಯಾಧಿಕಾರಿಯಾಗಿ ಬಂದಳು. ಅಂಗೈಯಗಲಕ್ಕಿಂತ ಸ್ವಲ್ಪ ದೊಡ್ಡದಾದ ಹಲಗೆಯಂಥ ಯಂತ್ರ ಅವಳ ಕೈಯಲ್ಲಿ. ಹಲವು ಊರುಗಳನ್ನು ಸುತ್ತಿ ನಾನೂ ಅಷ್ಟರಲ್ಲಿ ಮತ್ತೆ ಆ ಶಾಲೆಗೇ ಬಂದಿದ್ದೆ.

ಈಗ ಹೇಳಬೇಕಾದ ಸಂಗತಿ ನಡೆದದ್ದು 2022ರ ಸೆಪ್ಟೆಂಬರಿನಲ್ಲಿ. ಆರನೆಯ ತರಗತಿಯ ಒಬ್ಬ ಹುಡುಗಿ ಪ್ರಾರ್ಥನೆಯ ವೇಳೆಯಲ್ಲಿ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಕೇಳಿದರೆ, ಬಲ ಮೊಣಕಾಲು ನೋವು ಎಂದಳು. ಬರೆದುಕೊಂಡೆ. ಎರಡು ದಿನದ ನಂತರ ಎಡಗಾಲನ್ನು ಎಳೆಯುತ್ತ ಬಂದಳು. ಬಲಗಾಲು ಹೇಗಿದೆ ಎಂದರೆ, “ಅದು ವಾಸಿಯಾಯ್ತು ಸಾರ್” ಎಂದಳು. ನನ್ನ ಕೈ ನಡುಗಿತು. ಪುಸ್ತಕದ ಹಿಂದಿನ ಪುಟಗಳನ್ನು ತಿರುವಿದೆ. ಆಗಸ್ಟ್ 29: ಗಂಟಲು ನೋವು, ಎರಡು ದಿನ ಗೈರುಹಾಜರಿ.

ಮಗುವಿನ ತಂದೆತಾಯಿಗಳು ಕೂಲಿಗೆಂದು ಬೇರೆ ಊರಿಗೆ ಹೋಗಿದ್ದರು. ಮನೆಯಲ್ಲಿದ್ದವಳು ಅಜ್ಜಿ. ವಯಸ್ಕರೊಬ್ಬರು ಜೊತೆಗಿಲ್ಲದೆ ಮಕ್ಕಳನ್ನು ದೂರವೈದ್ಯದಲ್ಲಿ ಪರೀಕ್ಷಿಸುವಂತಿಲ್ಲವೆಂಬುದು ನಿಯಮ. ಆದ್ದರಿಂದ ಅಜ್ಜಿಯನ್ನು ಕರೆಸಿದೆವು. ಆರೋಗ್ಯಾಧಿಕಾರಿ ತನ್ನ ಯಂತ್ರದೊಡನೆ ಶಾಲೆಗೇ ಬಂದಳು. ಕೊಠಡಿಯ ಒಳಗೆ ಸಿಗ್ನಲ್ ಸಿಗದು. ಹಿತ್ತಿಲ ಕಡೆಯ ಜಗಲಿಯ ಮೂಲೆಯೊಂದರಲ್ಲಿ ಮಾತ್ರ ಸಿಗುವುದು. ಕುತೂಹಲದಿಂದ ಮುತ್ತಿದ ಮಕ್ಕಳನ್ನು ನಾನು ನೋಡಲಿ ಬಿಡಿ ಎಂದಾಗ ಅವಳು ಒಪ್ಪಲಿಲ್ಲ. “ಒಬ್ಬರ ಕಾಯಿಲೆ ಊರವರ ನೋಟವಾಗಬಾರದು ಸಾರ್” ಎಂದು ಒಂದು ಸೀರೆಯನ್ನು ಅಡ್ಡ ಕಟ್ಟಿದಳು. ಮೂವತ್ತಾರು ವರ್ಷ ಪಾಠ ಹೇಳಿದ ನನಗೆ ಅದು ಹೊಸ ಪಾಠ.

ತೆರೆಯ ಮೇಲೆ ಪಟ್ಟಣದ ವೈದ್ಯೆಯೊಬ್ಬರು ಕಾಣಿಸಿಕೊಂಡರು. ಅಜ್ಜಿ ಸೆರಗನ್ನು ಸರಿಮಾಡಿಕೊಂಡು ಕೈಮುಗಿದಳು. ಆಮೇಲೆ ನನ್ನ ಕಡೆಗೆ ಬಾಗಿ, “ಕೈ ಹಿಡ್ದು ನಾಡಿ ನೋಡ್ದೆ ಇರೋರು ಎಂಥ ಡಾಕ್ಟ್ರು ಮೇಷ್ಟ್ರೆ?” ಎಂದು ಮೆಲ್ಲನೆ ಕೇಳಿದಳು. ಅದು ವೈದ್ಯೆಗೂ ಕೇಳಿಸಿತು. ಅವರು ನಕ್ಕು, “ನಿಮ್ಮೂರ ನರ್ಸಮ್ಮನ ಕೈಯೇ ನನ್ನ ಕೈ, ಅಜ್ಜಿ” ಎಂದರು. ಹಾಗೆಯೇ ನಡೆಯಿತು. ಆರೋಗ್ಯಾಧಿಕಾರಿ ಮಗುವಿನ ಮೊಣಕಾಲನ್ನು ಮುಟ್ಟಿ ಬಿಸಿಯನ್ನು ಹೇಳಿದಳು. ನಾಡಿಯನ್ನೂ ಉಸಿರನ್ನೂ ಗಡಿಯಾರ ಹಿಡಿದು ಎಣಿಸಿದಳು. ಪಾದಗಳನ್ನು ತೆರೆಯ ಮುಂದೆ ಹಿಡಿದು ಊತವಿದೆಯೇ ಎಂದು ತೋರಿಸಿದಳು.

ಆಗ ವೈದ್ಯೆ ಕೇಳಿದರು: “ಗಂಟಲು ನೋವು ಯಾವಾಗ ಬಂದಿತ್ತು? ಮೊದಲು ಯಾವ ಕೀಲು? ಅಲ್ಲಿಂದ ಎಲ್ಲಿಗೆ ಹೋಯಿತು?”

ಮೂವತ್ತನಾಲ್ಕು ವರ್ಷಗಳ ಹಿಂದೆ ಮೈಸೂರಿನಲ್ಲಿ ಕೇಳಿದ್ದ ಅದೇ ಮೂರು ಪ್ರಶ್ನೆಗಳು. ಪುಸ್ತಕವನ್ನು ತೆರೆದು ತಾರೀಖುಗಳನ್ನು ಓದಿದೆ. ಆಗಸ್ಟ್ 29, ಗಂಟಲು. ಸೆಪ್ಟೆಂಬರ್ 19, ಬಲ ಮೊಣಕಾಲು. ಸೆಪ್ಟೆಂಬರ್ 21, ಎಡ ಮೊಣಕಾಲು, ಬಲಗಾಲು ವಾಸಿ. ನನ್ನ ದನಿ ಒಂದೆರಡು ಕಡೆ ತಡವರಿಸಿತು. ವೈದ್ಯೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲಿಂದ ನಾನು ಅವಳ ಹೃದಯದ ಸದ್ದನ್ನು ಕೇಳಲಾರೆ. ಅದನ್ನು ಹತ್ತಿರದಿಂದಲೇ ಕೇಳಬೇಕು. ರಕ್ತಪರೀಕ್ಷೆ, ಹೃದಯದ ಎಕೋ ಪರೀಕ್ಷೆ ಎರಡೂ ಆಗಬೇಕು. ನಾಳೆಯೇ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ, ನಾನು ಬರೆದು ಕಳುಹಿಸುತ್ತೇನೆ” ಎಂದರು.

ಅಜ್ಜಿ ಹಿಂಜರಿದಳು. ನೋವು ತಾನಾಗಿಯೇ ಹೋಗುತ್ತಿದೆಯಲ್ಲ ಎಂಬುದು ಅವಳ ವಾದ. ನಾನು ಆ ಹುಡುಗನ ಹೆಸರನ್ನು ಹೇಳಿದೆ. ಅವನ ನೋವೂ ತಾನಾಗಿಯೇ ಹೋಗಿತ್ತೆಂದೆ. ಅಜ್ಜಿ ಬಹಳ ಹೊತ್ತು ಮಾತನಾಡಲಿಲ್ಲ. “ಆ ಕೂಸ್ನ ನಾನೂ ಎತ್ತಾಡ್ಸಿದ್ದೆ ಕನ ಮೇಷ್ಟ್ರೆ” ಎಂದು ಎದ್ದು, ಮೊಮ್ಮಗಳ ಕೈಹಿಡಿದುಕೊಂಡು ಮನೆಗೆ ಹೋದಳು. ಮರುದಿನ ಬೆಳಗಿನ ಬಸ್ಸಿಗೆ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದವಳು ಅವಳೇ.

ಹುಡುಗಿಯ ಹೃದಯದ ಒಂದು ಕವಾಟದಲ್ಲಿ ಸಣ್ಣ ಸೋರಿಕೆ ಇತ್ತು. ಆದರೆ ಕಾಲ ಮಿಂಚಿರಲಿಲ್ಲ. ಅಂದಿನಿಂದ ಮೂರು ವಾರಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಚುಚ್ಚುಮದ್ದು. ನಡುನಡುವೆ ಜಗಲಿಯ ಮೂಲೆಯಿಂದ ವೈದ್ಯರೊಡನೆ ಮಾತು. ಇದರಿಂದ ಅಜ್ಜಿಗೆ ಎಷ್ಟೋ ದಿನಗಳ ಪ್ರಯಾಣ ಉಳಿಯಿತು. ಆ ಹುಡುಗಿ ಈಗ ನಿಮ್ಮಂತೆಯೇ ಪ್ರೌಢಶಾಲೆಯಲ್ಲಿ ಓದುತ್ತಿದ್ದಾಳೆ.

ಇದನ್ನು ಹೇಳಿದ ಮಾತ್ರಕ್ಕೆ ಯಂತ್ರವೇ ಸರ್ವಸ್ವವೆಂದು ಯಾರೂ ತಿಳಿಯಬಾರದು. ಹಾವು ಕಚ್ಚಿದಾಗ, ಉಸಿರು ಸಿಕ್ಕಿಕೊಂಡಾಗ, ತಲೆಗೆ ಪೆಟ್ಟು ಬಿದ್ದಾಗ ತೆರೆಯ ಮುಂದೆ ಕುಳಿತು ಕಾಲ ಕಳೆಯಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಧಾವಿಸಬೇಕು. ಮಗುವಿನ ಕಣ್ಣುರೆಪ್ಪೆಯ ಒಳಗು ಬಿಳಿಚಿದೆಯೇ ಎಂಬುದನ್ನು ಮಬ್ಬು ತೆರೆಯ ಬಣ್ಣ ನಂಬಿ ಹೇಳಲಾಗದು, ರಕ್ತವನ್ನೇ ಪರೀಕ್ಷಿಸಬೇಕು. ಇನ್ನು ಕೆಲವಕ್ಕೆ ಯಂತ್ರವೇ ಬೇಡ. ನಮ್ಮ ಜಗಲಿಯಲ್ಲಿ ಆರು ಮೀಟರು ಅಳೆದು ಒಂದು ಗೆರೆ ಎಳೆದಿದ್ದೇವೆ. ಎದುರಿನ ಗೋಡೆಯ ಮೇಲೆ ಅಕ್ಷರಗಳ ಪಟ. ಗೆರೆಯ ಮೇಲೆ ನಿಂತು ಓದಲಾರದೆ ಹೋದ ಹುಡುಗನೊಬ್ಬ, ಕಪ್ಪು ಹಲಗೆಯ ಲೆಕ್ಕವನ್ನು ಎರಡು ವರ್ಷ ತಪ್ಪಾಗಿ ನಕಲು ಮಾಡಿ ದಡ್ಡನೆನಿಸಿಕೊಂಡಿದ್ದವನು. ಕನ್ನಡಕ ಬಂದ ತಿಂಗಳಲ್ಲಿ ಅವನ ದಡ್ಡತನ ಹೋಯಿತು.

ಯಂತ್ರವು ನಾವು ಕಂಡದ್ದನ್ನು ನೂರು ಹರದಾರಿ ಒಯ್ಯಬಲ್ಲುದು. ಆದರೆ ಕಾಣುವ ಕೆಲಸವನ್ನು ಮಾಡಬೇಕಾದವರು ಮಗುವಿನ ಹತ್ತಿರದಲ್ಲಿರುವವರೇ. 1987ರಲ್ಲಿ ನಮ್ಮ ಊರಿಗೆ ವೈದ್ಯರು ಬಹಳ ದೂರವಿದ್ದರು, ನಿಜ. ನನ್ನ ಮೇಜಿಗೂ ಆ ಹುಡುಗನ ಬೆಂಚಿಗೂ ಇದ್ದ ದೂರ ಮಾತ್ರ ಹತ್ತೇ ಹೆಜ್ಜೆ. ಅದನ್ನು ನಾನು ನಡೆಯಲಿಲ್ಲ. ನಿಮ್ಮ ಪಕ್ಕದಲ್ಲಿ ಕುಳಿತ ಗೆಳೆಯನೋ ಗೆಳತಿಯೋ ಆಟಕ್ಕೆ ಬಾರದೆ ಸುಮ್ಮನೆ ಕುಳಿತಾಗ, ನಗುವುದಕ್ಕೆ ಮೊದಲು ಏಕೆಂದು ಕೇಳಿ. ಕೇಳಿದ್ದನ್ನು ಹಿರಿಯರಿಗೆ ತಿಳಿಸಿ. ಅದಕ್ಕೆ ಉಪಗ್ರಹದ ಅಗತ್ಯವಿಲ್ಲ.

2024ರಲ್ಲಿ ನಾನು ನಿವೃತ್ತನಾದೆ. ಹನ್ನೊಂದು ಪುಸ್ತಕಗಳನ್ನು ಶಾಲೆಗೆ ಹೊಸದಾಗಿ ಬಂದ ಉಪಾಧ್ಯಾಯಿನಿಯ ಕೈಗೆ ಒಪ್ಪಿಸಿದೆ. ಮೊದಲನೆಯ ಪುಸ್ತಕದ ಮೊದಲ ಸಾಲಿನಲ್ಲಿ ಆ ಹುಡುಗನ ಹೆಸರೊಂದೇ ಇದೆ; ಮುಂದಿನ ಮೂರು ಕಲಮುಗಳು ಖಾಲಿ. ಆಕೆ ಅದನ್ನು ನೋಡಿದರು, ಏನನ್ನೂ ಕೇಳಲಿಲ್ಲ. ಕಳೆದ ಬಾರಿ ಶಾಲೆಯ ಕಡೆಗೆ ಹೋದಾಗ ಆಕೆ ಜಗಲಿಗೆ ಬಂದು, “ಸಾರ್, ಮೂರನೆಯ ತರಗತಿಯ ಹುಡುಗನೊಬ್ಬ ನಿನ್ನೆಯಿಂದ ಕರೆದರೆ ತಿರುಗುತ್ತಿಲ್ಲ. ಒಂದು ಕಿವಿಯನ್ನೇ ಮುಂದೆ ಮಾಡುತ್ತಾನೆ. ಬರೆದುಕೊಳ್ಳಲೇ?” ಎಂದು ಕೇಳಿದರು.

“ಬರೆದುಕೊಳ್ಳಿ ತಾಯಿ, ತಾರೀಖನ್ನೂ ಹಾಕಿ” ಎಂದೆ.